ಎಣ್ಣೆ ಹಾಕಿದ ಎರಡು ಜಡೆ

ಕಾಸರಗೋಡಿನ ಬದಿಯಡ್ಕದ ಸಮೀಪದ ನಮ್ಮ ಕನ್ನಡ ಶಾಲೆಯ ಹಳೆವಿದ್ಯಾರ್ಥಿಗಳು ಕಳೆದ ತಿಂಗಳು ಅಗತ್ಯ ಅನುಮತಿ ಪಡೆದು ‘ಗ್ರೀಸ್’ (ಎಂದರೆ ಜಿಡ್ಡು) ಎಂಬ ಅಮೆರಿಕದ ಸಂಗೀತ ನಾಟಕವನ್ನು ಕನ್ನಡದಲ್ಲಿ ಆಡಿದೆವು. ಹಾಡುಗಳನ್ನು ಕನ್ನಡಕ್ಕೆ ತರುವ ಹೊಣೆ ನನ್ನದಾಗಿತ್ತು.

ಜಿಮ್ ಜೇಕಬ್ಸ್ ಮತ್ತು ವಾರೆನ್ ಕೇಸಿ ಬರೆದ ಈ ನಾಟಕ 1971ರಲ್ಲಿ ಶಿಕಾಗೋದಲ್ಲಿ ಮೊದಲು ರಂಗವೇರಿತು. ಮರುವರ್ಷ ನ್ಯೂಯಾರ್ಕ್ ಸೇರಿ, 1980ರಲ್ಲಿ ನಿಲ್ಲುವ ಹೊತ್ತಿಗೆ ಅಲ್ಲಿಯೇ 3,388 ಪ್ರದರ್ಶನಗಳನ್ನು ಕಂಡಿತ್ತು. ತಲೆಗೆ ಮೆತ್ತುತ್ತಿದ್ದ ಜಿಡ್ಡಿನಿಂದಲೇ ಹೆಸರು ಪಡೆದ, ದುಡಿಯುವ ಮನೆತನಗಳ ಹದಿಹರೆಯದ ಹುಡುಗರ ಪ್ರೇಮದ ಕಥೆಯಿದು. ಜೇಕಬ್ಸ್ ತಾನು ಓದಿದ ಹೈಸ್ಕೂಲನ್ನೇ ನೆನೆದು ಬರೆದದ್ದು. ಕಥೆ ನಡೆಯುವುದು 1959ರಲ್ಲಿ. ಆ ವರ್ಷ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿ ಮೂರು ವರ್ಷವಾಗಿತ್ತು. ದಕ್ಷಿಣ ಕನ್ನಡದವರಾಗಿ ಶಾಲೆ ಸೇರಿದ ಮಕ್ಕಳು, ಅದೇ ಬೆಂಚಿನಲ್ಲಿ ಕುಳಿತಿದ್ದಂತೆಯೇ, ಬೇರೆ ರಾಜ್ಯದವರಾಗಿ ಬೆಳೆಯುತ್ತಿದ್ದರು. ಅವರಿಗೂ ಹದಿನೇಳು ತುಂಬಿತ್ತು, ಅವರಿಗೂ ಯಾರ ಮೇಲಾದರೂ ಮನಸ್ಸಿತ್ತು ಎಂಬುದನ್ನು ನಾವು ನೆನೆಯುವುದೇ ಕಡಿಮೆ. ಈ ನಾಟಕವನ್ನೇ ಆಡಬೇಕೆಂದು ನಾನು ಹಟ ಹಿಡಿದದ್ದು ಅದಕ್ಕಾಗಿ.

ನಿಜವಾದ ಕಷ್ಟ ಎದುರಾದದ್ದು ಹಾಡಿನಲ್ಲಿ. ನಾಲ್ಕು ನಾಲ್ಕು ಮಾತ್ರೆಯ ನಡೆಗೆ ‘ಪ್ರೀತಿಸುತ್ತೇನೆ’ ಒಗ್ಗುವುದೇ ಇಲ್ಲ. ಲೆಕ್ಕಕ್ಕೆ ಎಂಟು ಮಾತ್ರೆಯೇ ಇದ್ದರೂ ನಡುವಿನ ‘ಸು’ ಗುರುವಾಗಿ, ಎಂದರೆ ಎರಡು ಮಾತ್ರೆಯಾಗಿ, ನಾಲ್ಕನೆಯ ಮಾತ್ರೆಯಿಂದ ಐದನೆಯದಕ್ಕೆ ಚಾಚಿಕೊಂಡು ತಾಳವನ್ನು ಮುರಿಯುತ್ತದೆ. ಅಲ್ಲದೆ ನಮ್ಮ ಊರಿನಲ್ಲಿ ಯಾವ ಹುಡುಗಿ ಆ ಮಾತನ್ನು ಆಡಿದ್ದಾಳೆ? ಒಂದು ಸಂಜೆ ಅಭ್ಯಾಸದ ನಡುವೆ ‘ನಂಗೆ ಮನಸುಂಟು’ ಎಂಬುದು ತಾನಾಗಿ ಬಾಯಿಗೆ ಬಂತು. ‘ನಂಗೆ ಮ’ ಎಂದರೆ ನಾಲ್ಕು, ‘ನಸುಂಟು’ ಎಂದರೆ ನಾಲ್ಕು. ಹಾರ್ಮೋನಿಯಂ ನುಡಿಸುತ್ತಿದ್ದವರು ಕೈ ನಿಲ್ಲಿಸಿ, ಇನ್ನೊಮ್ಮೆ ಹೇಳಿ ಎಂದರು.

ಕಥೆಯ ಕೊನೆಯಲ್ಲಿ ಹುಡುಗಿ ಹುಡುಗನಿಗಾಗಿ ವೇಷ ಬದಲಿಸುವುದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಆದರೂ ಬರೆದವರ ಕಥೆಯನ್ನು ತಿದ್ದುವ ಹಕ್ಕು ನಮಗಿಲ್ಲವೆಂದು ಇದ್ದಂತೆಯೇ ಆಡಿದೆವು. ನಾಯಕಿಯ ಪಾತ್ರ ವಹಿಸಿದ್ದ ನಲವತ್ತಾರರ ಅಧ್ಯಾಪಿಕೆ ಆ ದೃಶ್ಯಕ್ಕೆ ಮುನ್ನ ಪರದೆಯ ಮರೆಯಲ್ಲಿ ನಿಂತು, ತೆಂಗಿನೆಣ್ಣೆ ಹಾಕಿ ಬಿಗಿಯಾಗಿ ಹೆಣೆದಿದ್ದ ಎರಡು ಜಡೆಗಳನ್ನು ಒಂದೊಂದೇ ಎಳೆಯಾಗಿ ಬಿಡಿಸಿದರು. ಅವಸರದ ನಡುವೆಯೂ ಕೆಂಪು ರಿಬ್ಬನ್ನುಗಳನ್ನು ಬೆರಳಿಗೆ ಸುತ್ತಿ ಸುರುಳಿ ಮಾಡಿ ನನ್ನ ಕೈಗಿತ್ತರು. ಅವುಗಳಲ್ಲಿ ಎಣ್ಣೆಯ ಪರಿಮಳವಿತ್ತು.

ಮುಂದಿನ ಸಾಲಿನಲ್ಲಿ ಶಾಲೆಯ ಅತ್ಯಂತ ಹಿರಿಯ ವಿದ್ಯಾರ್ಥಿನಿಯೊಬ್ಬರು ಕುಳಿತಿದ್ದರು. 1959ರಲ್ಲಿ ಅವರು ಇದೇ ಊರಿನಲ್ಲಿ ಓದುತ್ತಿದ್ದವರು. ಕೊನೆಯ ಹಾಡಿಗೆ ಎಲ್ಲರೂ ಚಪ್ಪಾಳೆಯ ತಾಳ ಹಾಕುತ್ತಿದ್ದಾಗ ಅವರು ಮಾತ್ರ ಕೈ ಮಡಿಲಲ್ಲಿರಿಸಿಕೊಂಡು, ತುಟಿಯನ್ನಷ್ಟೇ ಆಡಿಸುತ್ತ, ‘ನಂಗೆ ಮನಸುಂಟು’ ಎಂಬ ಸಾಲನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.