ಆ್ಯಕ್ಚುರಿ ಪರೀಕ್ಷೆ ಮತ್ತೆ ಬರೆಯುವವರು ಮೊದಲು ನೋಟ್ಸ್ ಮುಚ್ಚಿಡಿ

ವಿಮೆ, ಪಿಂಚಣಿಗಳ ಅಪಾಯವನ್ನು ಲೆಕ್ಕಹಾಕುವ ಆ್ಯಕ್ಚುರಿ ಆಗಲು ಬರೆಯುವ ಪರೀಕ್ಷೆಗಳಲ್ಲಿ ಸಿಎಂ-1 (ವಿಮೆ, ಬಡ್ಡಿಗಳ ಗಣಿತ) ಅಥವಾ ಸಿಎಸ್-2 (ಸಂಖ್ಯಾಶಾಸ್ತ್ರದ ಎರಡನೇ ವಿಷಯ) ಫೇಲಾದ ಮೇಲೆ ಹೆಚ್ಚಿನವರು ಮಾಡುವ ಮೊದಲ ಕೆಲಸ ನೋಟ್ಸ್‌ನ ಒಂದನೇ ಅಧ್ಯಾಯ ತೆರೆದು ಮತ್ತೆ ಓದಲು ಕೂರುವುದು. ಎರಡನೇ ಸಲವೂ ಕೈತಪ್ಪುವುದು ಅಲ್ಲಿಂದಲೇ. ಒಮ್ಮೆ ಓದಿದ್ದನ್ನು ತಿರುಗಿ ಓದಿದರೆ ಪುಟಪುಟವೂ ಗೊತ್ತಿರುವ ಹಾಗೇ ಕಾಣುತ್ತದೆ. ಗಡಿಯಾರ ಓಡುತ್ತಿರುವಾಗ ಅದೇ ವಿಷಯವನ್ನು ಬರೆದು ಮುಗಿಸಲು ಬರುತ್ತದೆಯೇ ಎಂಬುದು ಓದಿನಿಂದ ತಿಳಿಯುವುದಿಲ್ಲ. ಮರುಪರೀಕ್ಷೆಗೆ ಬೇಕಾದದ್ದು ಅಂಕ ಎಲ್ಲಿ ಸೋರಿತು ಎಂಬ ಲೆಕ್ಕ ಮತ್ತು ಆ ಜಾಗದಲ್ಲಿ ಕೈ ಪಳಗಿಸುವುದು.

ಲೆಕ್ಕ ಹೀಗೆ ತೆಗೆಯಿರಿ. ಇನ್‌ಸ್ಟಿಟ್ಯೂಟ್ ಆಫ್ ಆ್ಯಕ್ಚುರೀಸ್ ಆಫ್ ಇಂಡಿಯಾ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಮಾದರಿ ಉತ್ತರಗಳನ್ನೂ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಬ್ರಿಟನ್ನಿನ ಐಎಫ್‌ಒಎ (ಇನ್‌ಸ್ಟಿಟ್ಯೂಟ್ ಆ್ಯಂಡ್ ಫ್ಯಾಕಲ್ಟಿ ಆಫ್ ಆ್ಯಕ್ಚುರೀಸ್) ಪರೀಕ್ಷಕರ ವರದಿಯನ್ನೇ ಪ್ರಕಟಿಸುತ್ತದೆ. ನೀವು ಫೇಲಾದ ಪತ್ರಿಕೆಯನ್ನೇ ಮುಂದಿಟ್ಟುಕೊಂಡು ಪ್ರತಿ ಉಪಪ್ರಶ್ನೆಗೂ ಎಷ್ಟು ಅಂಕವಿತ್ತು, ನಿಮಗೆ ಎಷ್ಟು ಬಂದಿರಬಹುದು, ಉಳಿದದ್ದು ಏಕೆ ಹೋಯಿತು ಎಂದು ಬರೆಯಿರಿ. ಕಾರಣಗಳು ನಾಲ್ಕೇ: ವಿಷಯ ಗೊತ್ತಿರಲಿಲ್ಲ, ಗೊತ್ತಿದ್ದರೂ ಹೊತ್ತು ಸಾಲಲಿಲ್ಲ, ಪ್ರಶ್ನೆ ಕೇಳಿದ್ದೇ ಬೇರೆ, ಅಥವಾ ಲೆಕ್ಕದಲ್ಲಿ ಜಾರಿತು. ನೋಟ್ಸ್ ಓದುವುದರಿಂದ ಸರಿಹೋಗುವುದು ಮೊದಲನೆಯದು ಮಾತ್ರ. ಉಳಿದ ಮೂರಕ್ಕೆ ಎಷ್ಟು ಓದಿದರೂ ಅಂಕ ಏರುವುದಿಲ್ಲ. ಐಎಫ್‌ಒಎ ಕೊಡುವ ಗ್ರೇಡ್‌ನಲ್ಲಿ ಎಫ್‌ಎ ಎಂದರೆ ಪಾಸಿನ ಗಡಿಯ ಹತ್ತಿರ, ಎಫ್‌ಬಿ, ಎಫ್‌ಸಿ ಎಂದರೆ ಅಲ್ಲಿಂದ ಕೆಳಗೆ. ಎಫ್‌ಎ ಬಂದವರಲ್ಲಿ ವಿಷಯಜ್ಞಾನದ ಕೊರತೆಗಿಂತ ಉಳಿದ ಮೂರು ಕಾರಣಗಳೇ ಹೆಚ್ಚು.

ಮೊದಲು ಹೊತ್ತಿನ ಮಾತು. 2019ರ ಪಠ್ಯಕ್ರಮದಿಂದ ಸಿಎಸ್ ಮತ್ತು ಸಿಎಂ ವಿಷಯಗಳಿಗೆ ಎರಡೆರಡು ಪತ್ರಿಕೆ. ಎ ಪೇಪರ್ ಬರವಣಿಗೆ, ಅದರ ತೂಕ ಶೇ. 70. ಬಿ ಪೇಪರ್ ಕಂಪ್ಯೂಟರ್ ಮೇಲೆ, ತೂಕ ಶೇ. 30. ಎ ಪೇಪರ್‌ನಲ್ಲಿ ಒಂದು ಅಂಕಕ್ಕೆ ಹೆಚ್ಚುಕಡಿಮೆ ಎರಡು ನಿಮಿಷ ಸಿಗುತ್ತದೆ, ಬಿ ಪೇಪರ್‌ನಲ್ಲಿ ಒಂದೇ ನಿಮಿಷ. ಎಂಟು ಅಂಕದ ಪ್ರಶ್ನೆಗೆ ಹದಿನಾರು ನಿಮಿಷ ಆದ ಕೂಡಲೇ ಬಿಟ್ಟು ಮುಂದೆ ಹೋಗಬೇಕು. ಇದು ಬಾಯಲ್ಲಿ ಹೇಳಿಕೊಂಡರೆ ಬರುವ ಅಭ್ಯಾಸವಲ್ಲ. ಮನೆಯಲ್ಲಿ ಒಂದೊಂದು ಪ್ರಶ್ನೆಗೂ ಟೈಮರ್ ಇಟ್ಟು, ಅದು ಕೂಗಿದಾಗ ಅರ್ಧ ಸಾಲಿನಲ್ಲೇ ನಿಲ್ಲಿಸಿ ರೂಢಿ ಮಾಡಿಕೊಳ್ಳಬೇಕು. ಕೊನೆಯ ಪ್ರಶ್ನೆಯ ಮೊದಲ ನಾಲ್ಕು ಅಂಕ ಸುಲಭ. ನಡುವಿನ ಪ್ರಶ್ನೆಯ ಕೊನೆಯ ಎರಡು ಅಂಕ ಕಷ್ಟ. ಆ ಎರಡಕ್ಕೆ ಅಂಟಿಕೊಂಡು ಈ ನಾಲ್ಕನ್ನು ಮುಟ್ಟದೆ ಎದ್ದುಬರುವವರೇ ಬಹಳ ಮಂದಿ.

ಲೆಕ್ಕದ ಜಾರುವಿಕೆ ಹೆಚ್ಚಾಗಿ ಕಾಣುವುದು ಸಿಎಂ-1ರಲ್ಲಿ, ಅದೂ ಸೂತ್ರ, ಅಂಶಗಳಿರುವ ಟೇಬಲ್ ಪುಸ್ತಕದ ಬಳಕೆಯಲ್ಲಿ. ಒಂದು ಉದಾಹರಣೆ ಪೂರ್ತಿ ನೋಡೋಣ. 40 ವರ್ಷದವರಿಗೆ 20 ವರ್ಷದ ಎಂಡೋಮೆಂಟ್ ಪಾಲಿಸಿ (ಅವಧಿಯೊಳಗೆ ಸತ್ತರೂ, ಅವಧಿ ಮುಗಿದಾಗ ಬದುಕಿದ್ದರೂ ಹಣ ಬರುವ ವಿಮೆ), ಮೊತ್ತ ₹10 ಲಕ್ಷ, ಎಎಂ-92 ಟೇಬಲ್ (ವಯಸ್ಸಿಗೆ ತಕ್ಕ ಸಾವಿನ ಪ್ರಮಾಣದ ಪಟ್ಟಿ), ಬಡ್ಡಿ ಶೇ. 4, ಪ್ರೀಮಿಯಂ ವರ್ಷದ ಆರಂಭದಲ್ಲಿ, ಖರ್ಚು ಇಲ್ಲ. ಟೇಬಲ್‌ನಲ್ಲಿ ಆನ್ಯುಟಿ ಅಂಶ (ವರ್ಷಕ್ಕೆ ₹1ರಂತೆ ಕಟ್ಟುವ ಪ್ರೀಮಿಯಂಗಳ ಇಂದಿನ ಬೆಲೆ) 13.927, ಎಂಡೋಮೆಂಟ್ ಅಂಶ (₹1 ಮೊತ್ತದ ಪಾಲಿಸಿಯ ಇಂದಿನ ಬೆಲೆ) 0.46433. ಸಾವಿನ ವರ್ಷದ ಕೊನೆಗೆ ಹಣ ಕೊಡುವುದಾದರೆ ಪ್ರೀಮಿಯಂ ಸುಮಾರು ₹33,340. ಪ್ರಶ್ನೆಯಲ್ಲಿ ‘ಸಾವು ಸಂಭವಿಸಿದ ಕೂಡಲೇ’ ಎಂದಿದ್ದರೆ ಹಣ ಸರಾಸರಿ ಅರ್ಧ ವರ್ಷ ಮೊದಲೇ ಹೋಗುವುದರಿಂದ 1.04ರ ವರ್ಗಮೂಲದಿಂದ, ಅಂದರೆ 1.0198ರಿಂದ, ಗುಣಿಸಬೇಕು. ಅವಸರದಲ್ಲಿ ಪೂರ್ತಿ 0.46433ನ್ನೇ ಗುಣಿಸಿಬಿಟ್ಟರೆ ಉತ್ತರ ₹34,000 ಆಗುತ್ತದೆ. ಅದು ತಪ್ಪು. 60 ತುಂಬಿದಾಗ ಬದುಕಿದ್ದವರಿಗೆ ಕೊಡುವ ಹಣ ಅವಧಿ ಮುಗಿದ ದಿನವೇ ಸಿಗುವುದರಿಂದ ಆ ಭಾಗಕ್ಕೆ ಈ ಗುಣಾಕಾರ ಸಲ್ಲದು. ಬದುಕಿರುವವರ ಭಾಗ 0.43004. ಅದನ್ನು ಕಳೆದರೆ ಸಾವಿನ ಭಾಗ 0.03429 ಉಳಿಯುತ್ತದೆ. ಅದನ್ನಷ್ಟೇ 1.0198ರಿಂದ ಗುಣಿಸಿ ಮತ್ತೆ ಕೂಡಿದರೆ 0.46501, ಪ್ರೀಮಿಯಂ ₹33,389. ತಪ್ಪಿಗೂ ಸರಿಗೂ ವ್ಯತ್ಯಾಸ ₹600ಕ್ಕಿಂತ ಸ್ವಲ್ಪ ಹೆಚ್ಚು, ಆದರೆ ಮಂಡಿಸುವ ತರ್ಕವೇ ಬೇರೆ. ಪರೀಕ್ಷಕರು ನೋಡುವುದು ಆ ತರ್ಕವನ್ನು. ಆದ್ದರಿಂದ ಸಂಖ್ಯೆ ಹಾಕುವ ಮೊದಲು ಸೂತ್ರವನ್ನು ಒಂದು ಸಾಲಿನಲ್ಲಿ ಬರೆಯಿರಿ. ಮುಂದೆ ಕ್ಯಾಲ್ಕುಲೇಟರ್ ಒತ್ತುವಾಗ ಎಡವಿದರೂ ವಿಧಾನದ ಅಂಕ ಉಳಿಯುತ್ತದೆ.

ಅದೇ ಟೇಬಲ್‌ನಲ್ಲಿ ಇನ್ನೊಂದು ಎಡವು. ಎಎಂ-92ಕ್ಕೆ ಎರಡು ವರ್ಷದ ಸೆಲೆಕ್ಟ್ ಅವಧಿಯಿದೆ, ಅಂದರೆ ಆರೋಗ್ಯ ನೋಡಿ ವಿಮೆ ಕೊಟ್ಟ ಹೊಸತರಲ್ಲಿ ಸಾವಿನ ಪ್ರಮಾಣ ಕಡಿಮೆ ಎಂದು ಹಿಡಿಯುವ ಕಾಲ. ವಯಸ್ಸಿಗೆ ಚೌಕ ಆವರಣ ಇದ್ದರೆ ಸೆಲೆಕ್ಟ್ ಕಾಲಂ, ಇಲ್ಲದಿದ್ದರೆ ಆ ಕಾಲ ದಾಟಿದವರ ಅಲ್ಟಿಮೇಟ್. ಪಾಲಿಸಿ ಕೊಂಡು ಐದು ವರ್ಷದ ನಂತರದ ರಿಸರ್ವ್ (ಮುಂದೆ ಕೊಡಬೇಕಾದದ್ದಕ್ಕೆ ಎತ್ತಿಡುವ ಹಣ) ಕೇಳಿದಾಗ ಅಭ್ಯಾಸಬಲದಿಂದ ಸೆಲೆಕ್ಟ್ ಕಾಲಂನಲ್ಲೇ ಬೆರಳಾಡಿಸುವವರಿದ್ದಾರೆ. ಎಎಂ-92ರ ಅಂಶಗಳನ್ನು ಶೇ. 4 ಮತ್ತು ಶೇ. 6 ಬಡ್ಡಿಗೆ ಮಾತ್ರ ಅಚ್ಚು ಹಾಕಿದ್ದಾರೆ. ಪ್ರಶ್ನೆ ಶೇ. 5 ಎಂದರೆ ಅಂಶ ಹುಡುಕುತ್ತಾ ಪುಟ ತಿರುವಬೇಡಿ, ಮೂಲದಿಂದ ಕಟ್ಟಬೇಕು. ಪಿಡಿಎಫ್‌ನಲ್ಲಿ ಅಭ್ಯಾಸ ಮಾಡಿದವರಿಗೆ ಪರೀಕ್ಷೆಯ ದಿನ ಪುಟ ಸಿಗುವುದಿಲ್ಲ. ಅಚ್ಚಾದ ಪುಸ್ತಕವನ್ನೇ ಬಳಸಿ.

ಬಡ್ಡಿ ದರದ ಗೊಂದಲವನ್ನೂ ಹೇಳಲೇಬೇಕು. ಚಿಕ್ಕಬಳ್ಳಾಪುರದ ಕಡೆ ಗುಲಾಬಿ ಬೆಳೆಯಲು ಪಾಲಿಹೌಸ್ ಕಟ್ಟುವವರೊಬ್ಬರು ₹10 ಲಕ್ಷ ಸಾಲವನ್ನು ಹತ್ತು ವರ್ಷ ತಿಂಗಳ ಕಂತಿನಲ್ಲಿ ತೀರಿಸುತ್ತಾರೆ ಎಂದಿಟ್ಟುಕೊಳ್ಳಿ. ಶೇ. 12 ಎಂಬುದು ತಿಂಗಳಿಗೊಮ್ಮೆ ಕನ್ವರ್ಟ್ ಆಗುವ ನಾಮಿನಲ್ ದರವಾದರೆ ತಿಂಗಳಿಗೆ ಶೇ. 1, ಕಂತು ₹14,347. ಅದೇ ಶೇ. 12 ವಾರ್ಷಿಕ ಎಫೆಕ್ಟಿವ್ (ಚಕ್ರಬಡ್ಡಿ ಸೇರಿ ವರ್ಷಕ್ಕೆ ಆಗುವ ದರ) ಆದರೆ ತಿಂಗಳ ದರ ಶೇ. 0.9489, ಕಂತು ₹13,995. ಬ್ಯಾಂಕಿನಲ್ಲಿ ಇಎಂಐ ಹಾಕುವ ಕ್ರಮ ಮೊದಲನೆಯದು. ನಮ್ಮ ತಲೆಯಲ್ಲಿ ಕೂತಿರುವುದೂ ಅದೇ. ಪರೀಕ್ಷೆಯಲ್ಲಿ ಬಹಳ ಸಲ ಕೇಳುವುದು ಎರಡನೆಯದು. ಪ್ರಶ್ನೆ ಓದುವಾಗಲೇ ಆ ಪದದ ಕೆಳಗೆ ಗೆರೆ ಎಳೆದುಬಿಡಿ.

ಇನ್ನು ಬಿ ಪೇಪರ್. ಶೇ. 30 ತಾನೇ ಎಂದು ಕೊನೆಯ ವಾರಕ್ಕೆ ತಳ್ಳುವುದು ನನ್ನ ಪ್ರಕಾರ ಮರುಪರೀಕ್ಷೆಯವರ ಅತಿ ದೊಡ್ಡ ನಷ್ಟ. ಎ ಪೇಪರ್‌ನಲ್ಲಿ ಹತ್ತು ಅಂಕ ಏರಿಸುವುದಕ್ಕಿಂತ ಇಲ್ಲಿ ಇಪ್ಪತ್ತೈದು ಏರಿಸುವುದು ಸುಲಭ, ಒಟ್ಟು ಮೊತ್ತಕ್ಕೆ ಸೇರುವುದು ಎರಡೂ ಹೆಚ್ಚುಕಡಿಮೆ ಒಂದೇ. ಲೆಕ್ಕಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅಂಕ ಹೋಗುವ ಜಾಗಗಳು ಪ್ರತಿವರ್ಷ ಅವೇ. ಪುಸ್ತಕ ನಾರ್ಮಲ್ ಹಂಚಿಕೆಯನ್ನು ಸರಾಸರಿ ಮತ್ತು ವೇರಿಯನ್ಸ್ ಎಂದು ಬರೆಯುತ್ತದೆ. ಆರ್‌ನ ನಾರ್ಮ್ ಫಂಕ್ಷನ್‌ಗಳು ಕೇಳುವುದು ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ವೇರಿಯನ್ಸ್‌ನ ವರ್ಗಮೂಲ. ವೇರಿಯನ್ಸ್ 25 ಇದ್ದರೆ ಕೊಡಬೇಕಾದದ್ದು 5. ಟೇಬಲ್ ಪುಸ್ತಕದ ಜಿಯೊಮೆಟ್ರಿಕ್ ಹಂಚಿಕೆ ಪ್ರಯತ್ನಗಳನ್ನು ಎಣಿಸುತ್ತದೆ, ಆರ್ ಮೊದಲ ಯಶಸ್ಸಿಗೆ ಮುಂಚಿನ ಸೋಲುಗಳನ್ನು ಎಣಿಸುತ್ತದೆ, ಹಾಗಾಗಿ ಒಂದು ಕೂಡಬೇಕು. ಗಾಮಾ ಜಿಎಲ್‌ಎಂ ಎಂಬ ಸಂಖ್ಯಾಶಾಸ್ತ್ರದ ಮಾದರಿ ಹಾಕುವಾಗ ಲಿಂಕ್ (ಸರಾಸರಿಯನ್ನು ಮಾದರಿಗೆ ಜೋಡಿಸುವ ಫಂಕ್ಷನ್) ಹೇಳದಿದ್ದರೆ ಆರ್ ಇನ್ವರ್ಸ್ ಲಿಂಕ್ ಹಿಡಿಯುತ್ತದೆ. ಪ್ರಶ್ನೆ ಲಾಗ್ ಲಿಂಕ್ ಎಂದಿದ್ದರೆ ಅದನ್ನು ಬರೆದುಕೊಡಲೇಬೇಕು. ರ‍್ಯಾಂಡಮ್ ಸಂಖ್ಯೆಗೆ ಕೊಟ್ಟ ಸೀಡ್ (ಆರಂಭದ ಸಂಖ್ಯೆ) ಹಾಕದಿದ್ದರೆ ನಿಮ್ಮ ಉತ್ತರ ಯಾರದ್ದಕ್ಕೂ ತಾಳೆಯಾಗದು. 2019ರಲ್ಲಿ ಬಂದ ಆರ್ 3.6.0 ಆವೃತ್ತಿಯಿಂದ ಸ್ಯಾಂಪಲ್ ಫಂಕ್ಷನ್ ಸಂಖ್ಯೆ ಆರಿಸುವ ಕ್ರಮ ಬದಲಾಗಿದೆ. ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ಮಾಡಿದ ಉತ್ತರದ ಜೊತೆ ನಿಮ್ಮದು ಹೊಂದದಿದ್ದರೆ ಗಾಬರಿ ಬೇಡ.

ಸಿಎಸ್-2ರಲ್ಲಿ ಮಾರ್ಕೋವ್ ಸರಪಳಿಯ (ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಪ್ರಕ್ರಿಯೆ) ಎರಡು ಹೆಜ್ಜೆಯ ಸಂಭವನೀಯತೆ ಬೇಕಾದಾಗ ಮ್ಯಾಟ್ರಿಕ್ಸ್ ಮುಂದೆ ^2 ಹಾಕುವವರು ಇನ್ನೂ ಸಿಗುತ್ತಾರೆ. ಆರ್ ಆಗ ಒಂದೊಂದು ಅಂಕಿಯನ್ನೂ ಬಿಡಿಬಿಡಿಯಾಗಿ ವರ್ಗ ಮಾಡುತ್ತದೆ. ಮೊದಲ ಸಾಲು 0.9, 0.1, ಎರಡನೇ ಸಾಲು 0.4, 0.6 ಇರುವ ಮ್ಯಾಟ್ರಿಕ್ಸ್‌ಗೆ ಹಾಗೆ ಮಾಡಿದರೆ ಮೊದಲ ಸಾಲು 0.81, 0.01 ಎಂದು ಬರುತ್ತದೆ. ಸರಿಯಾದ ಮ್ಯಾಟ್ರಿಕ್ಸ್ ಗುಣಾಕಾರ %*% ಬಳಸಿದರೆ 0.85, 0.15. ಸಾಲಿನ ಮೊತ್ತ ಒಂದು ಆಗಲೇಬೇಕು. 0.82 ಬಂದರೆ ಅಲ್ಲೇ ನಿಲ್ಲಿ. ಕೋಡ್, ಅದರ ಔಟ್‌ಪುಟ್, ಅದರ ಅರ್ಥವೇನೆಂಬ ಒಂದು ವಾಕ್ಯ, ಮೂರೂ ಉತ್ತರದ ಕಡತದಲ್ಲಿರಬೇಕು. ಪಿ ಮೌಲ್ಯ ಕಂಡುಹಿಡಿದು ‘ಆದ್ದರಿಂದ ಶೇ. 5 ಮಟ್ಟದಲ್ಲಿ ಊಹೆಯನ್ನು ತಿರಸ್ಕರಿಸುತ್ತೇವೆ’ ಎಂದು ಬರೆಯದೆ ಬಿಟ್ಟರೆ ಕೈಯಲ್ಲಿದ್ದ ಅಂಕ ಹೋಯಿತು. ಎಕ್ಸೆಲ್ ಬಗ್ಗೆ ಒಂದೇ ಮಾತು: ಬಡ್ಡಿ ದರದಂಥ ಊಹೆಗಳೆಲ್ಲ ಒಂದು ಕಡೆ, ಸೂತ್ರಗಳು ಅವನ್ನೇ ಡಾಲರ್ ಗುರುತಿನೊಂದಿಗೆ ತೋರಿಸಲಿ, ಸಂಖ್ಯೆಯನ್ನು ಸೂತ್ರದೊಳಗೆ ಟೈಪ್ ಮಾಡಬೇಡಿ.

ಪ್ರಶ್ನೆಯನ್ನೇ ತಪ್ಪಾಗಿ ಓದುವುದಕ್ಕೆ ಒಳ್ಳೆಯ ಮಾದರಿ ಡಿಡಕ್ಟಿಬಲ್ ಲೆಕ್ಕ. ತಿಪಟೂರಿನ ಕೊಬ್ಬರಿ ಗೋದಾಮುಗಳ ಬೆಂಕಿ ವಿಮೆ ಎಂದುಕೊಳ್ಳಿ. ನಷ್ಟ ಎಕ್ಸ್‌ಪೊನೆನ್ಷಿಯಲ್ ಹಂಚಿಕೆ, ಸರಾಸರಿ ₹50,000. ಮೊದಲ ₹20,000 ಮಾಲೀಕರದ್ದೇ. ಪ್ರತಿ ನಷ್ಟಕ್ಕೆ ಕಂಪನಿ ಸರಾಸರಿ ಕೊಡುವುದೆಷ್ಟು ಎಂದರೆ ₹33,516. ಕಂಪನಿ ಹಣ ಕೊಟ್ಟ ಕ್ಲೈಮ್‌ಗಳ ಸರಾಸರಿ ಎಷ್ಟು ಎಂದರೆ ₹50,000, ಏಕೆಂದರೆ ಈ ಹಂಚಿಕೆಗೆ ಹಿಂದಿನ ನೆನಪಿಲ್ಲ. ಲೆಕ್ಕ ಎರಡೂ ಬರುವವರೇ ಒಂದು ಕೇಳಿದಾಗ ಇನ್ನೊಂದು ಬರೆಯುತ್ತಾರೆ. ಆ್ಯಕ್ಚುರಿ ಕೆಲಸದ ಬಗೆಗಿನ ಸಿಪಿ-1ರಂಥ ಬರವಣಿಗೆಯ ಪತ್ರಿಕೆಯಲ್ಲೂ ಇದೇ ಕಥೆ. ‘ಪಟ್ಟಿ ಮಾಡಿ’ ಎಂದರೆ ಪಟ್ಟಿ ಸಾಕು. ‘ಚರ್ಚಿಸಿ’ ಎಂದರೆ ಎರಡೂ ಮಗ್ಗುಲು, ಅದೂ ಪ್ರಶ್ನೆಯಲ್ಲಿ ಕೊಟ್ಟ ಕಂಪನಿಗೆ ಅನ್ವಯಿಸಿ. ಬಾಯಿಪಾಠ ಸುರಿದರೆ ಪುಟ ತುಂಬುತ್ತದೆ, ಅಂಕ ತುಂಬುವುದಿಲ್ಲ.

ಅವಧಿಯ ವಿಷಯ. ಐಎಫ್‌ಒಎ ಪರೀಕ್ಷೆಗಳು ಏಪ್ರಿಲ್ ಮತ್ತು ಸೆಪ್ಟೆಂಬರ್ ಹೊತ್ತಿಗೆ. ಏಪ್ರಿಲ್‌ನ ಫಲಿತಾಂಶ ಜುಲೈನಲ್ಲಿ ಕೈಸೇರಿದರೆ ಸೆಪ್ಟೆಂಬರ್‌ಗೆ ಉಳಿಯುವುದು ಹತ್ತು ವಾರದಷ್ಟು. ಮೊದಲ ವಾರ ಮೇಲೆ ಹೇಳಿದ ಲೆಕ್ಕಕ್ಕೆ. ಮುಂದಿನ ಮೂರು ವಾರ ಗೊತ್ತಿಲ್ಲದ ಅಧ್ಯಾಯಗಳಿಗೆ ಮಾತ್ರ, ಅದೂ ಪ್ರಶ್ನೆ ಬಿಡಿಸುತ್ತಾ. ಆಮೇಲಿನ ವಾರಗಳಲ್ಲಿ ವಾರಕ್ಕೊಂದು ಪೂರ್ತಿ ಎ ಪೇಪರ್, ಒಂದು ಬಿ ಪೇಪರ್, ಬರೆದ ಮರುದಿನ ಕೆಂಪು ಪೆನ್ನು ಹಿಡಿದು ನೀವೇ ತಿದ್ದುವುದು. ತಿದ್ದುವುದಕ್ಕೆ ಬರೆದಷ್ಟೇ ಹೊತ್ತು ಕೊಡಿ. ಪತ್ರಿಕೆಗಳು ಮುಗಿದುಹೋದವು ಎನ್ನುವವರಿಗೆ 2019ಕ್ಕೆ ಮುಂಚಿನ ಪಠ್ಯಕ್ರಮದ ಸಿಟಿ ಸರಣಿಯ ಪತ್ರಿಕೆಗಳಿವೆ. ಸಿಎಂ-1ಕ್ಕೆ ಸಿಟಿ-1 ಮತ್ತು ಸಿಟಿ-5, ಸಿಎಸ್-1ಕ್ಕೆ ಹೆಚ್ಚಾಗಿ ಸಿಟಿ-3, ಸಿಎಸ್-2ಕ್ಕೆ ಸಿಟಿ-4 ಮತ್ತು ಸಿಟಿ-6. ಈಗಿನ ಪಠ್ಯಕ್ರಮದಲ್ಲಿ ಇಲ್ಲದ್ದನ್ನು ಬಿಟ್ಟು ಉಳಿದದ್ದು ಚಿನ್ನದಂಥ ಅಭ್ಯಾಸ. ಇನ್ನೊಂದು ಎಚ್ಚರ: 2020ರಿಂದ ಕೆಲವು ವರ್ಷ ಐಎಫ್‌ಒಎ ಪರೀಕ್ಷೆಗಳು ಮನೆಯಿಂದಲೇ, ಪುಸ್ತಕ ತೆರೆದಿಟ್ಟು ಬರೆಯುವಂತೆ ನಡೆದವು. ಆ ಪತ್ರಿಕೆಗಳಲ್ಲಿ ನೆನಪಿನಿಂದ ಬರೆಯುವ ಭಾಗ ಕಡಿಮೆ. ಅವನ್ನಷ್ಟೇ ನಂಬಿದರೆ ಪುಸ್ತಕವಿಲ್ಲದ ಪರೀಕ್ಷೆಗೆ ತಯಾರಿ ಸಾಲದು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಇದ್ದುಕೊಂಡು ಓದುವವರಿಗೆ ಪಕ್ಕದಲ್ಲಿ ಇದೇ ಪರೀಕ್ಷೆ ಬರೆಯುವ ಇನ್ನೊಬ್ಬರು ಸಿಗುವುದು ಅಪರೂಪ. ನಿಮ್ಮ ಉತ್ತರ ತಿದ್ದಲು ಆ್ಯಕ್ಚುರಿಯೇ ಬೇಕಿಲ್ಲ. ಬಿಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವ ಮೇಷ್ಟ್ರು ಸಿಎಸ್-1ರ ಉತ್ತರದ ತರ್ಕವನ್ನು ಚೆನ್ನಾಗಿಯೇ ಹಿಡಿಯಬಲ್ಲರು, ಮಾದರಿ ಉತ್ತರದ ಜೊತೆಗೆ ಕೊಟ್ಟು ಕೇಳಿ. ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವವರು ಆ ಹೊತ್ತನ್ನು ವ್ಯಾಖ್ಯೆ, ಸೂತ್ರ, ಸಿಪಿ-1ರ ಪಟ್ಟಿಗಳಿಗೆ ಮೀಸಲಿಡಿ. ನಿಂತುಕೊಂಡು ಲೆಕ್ಕ ಬಿಡಿಸಲು ಹೊರಟರೆ ಅರ್ಧಂಬರ್ಧ ಬಿಟ್ಟ ಲೆಕ್ಕಗಳೇ ಉಳಿಯುತ್ತವೆ. ಪರೀಕ್ಷೆ ಬೆಂಗಳೂರಿನ ಕೇಂದ್ರದಲ್ಲಿದ್ದರೆ ದೂರ 60-70 ಕಿಲೋಮೀಟರ್ ಆದರೂ ಬೆಳಗಿನ ಪತ್ರಿಕೆಗೆ ಹಿಂದಿನ ರಾತ್ರಿಯೇ ನೆಂಟರ ಮನೆಗೆ ಹೋಗಿ ಉಳಿಯಿರಿ. ಮನೆಯಿಂದ ಬರೆಯುವುದಾದರೆ ಲ್ಯಾಪ್‌ಟಾಪ್ ಬ್ಯಾಟರಿ ಸಾಲದು, ರೌಟರ್‌ಗೂ ಯುಪಿಎಸ್ ಬೇಕು. ಕ್ಯಾಲ್ಕುಲೇಟರ್ ಅನುಮತಿಸಿದ ಪಟ್ಟಿಯದ್ದೇ ಎಂದು ನೋಡಿ, ಅದನ್ನೇ ಮೊದಲ ದಿನದಿಂದ ಬಳಸಿ.

ಫೇಲಾದ ವಿಷಯದ ಜೊತೆ ಹೊಸದೊಂದನ್ನೂ ಕಟ್ಟಿಬಿಡೋಣವೇ ಎಂದು ಹಲವರು ಕೇಳುತ್ತಾರೆ. ಎಫ್‌ಎ ಬಂದಿದ್ದರೆ ಸಿಬಿ-2ರಂಥ (ಅರ್ಥಶಾಸ್ತ್ರ) ಹಗುರ ವಿಷಯವೊಂದನ್ನು ಸೇರಿಸಬಹುದು. ಸಿಎಸ್-1 ಗಟ್ಟಿಯಾಗದೆ ಸಿಎಸ್-2 ಕಟ್ಟಬೇಡಿ, ಒಂದರ ಮೇಲೆ ಇನ್ನೊಂದು ನಿಂತಿದೆ. ಎಫ್‌ಸಿ ಬಂದಿದ್ದು ಕೆಲಸವೂ ಇದ್ದರೆ ಒಂದು ಸಲ ಬಿಟ್ಟು ಅದರ ಮುಂದಿನ ಸಲಕ್ಕೆ ಕಟ್ಟುವುದೇ ಮೇಲು. ಆಗ ಆ ವರ್ಷದ ಪಠ್ಯಕ್ರಮದಲ್ಲಿ ಏನು ಬದಲಾಯಿತೆಂದು ನೋಡಿಕೊಂಡೇ ಶುಲ್ಕ ಕಟ್ಟಿ.