ಸೂರ್ಯನ ಅಂಚಿಗೆ ಸೂರ್ಯನ ಅಂಚು

ಕಾಸರಗೋಡಿನ ಕಡಲ ಬದಿಯಲ್ಲಿ, ಅದರಲ್ಲೂ ಬೇಕಲ, ಕೋಟಿಕುಳದ ಕಡೆ, ಹಡಗಿನಲ್ಲಿ ದುಡಿದು ಬಂದವರು ಜಾಸ್ತಿ. ನನ್ನ ಸೋದರಮಾವ ಅವರಲ್ಲೊಬ್ಬರು. ಸೆಕೆಂಡ್ ಮೇಟ್ ಆಗಿದ್ದರು. ಹಡಗಿನ ದಾರಿಯ ಲೆಕ್ಕ ನೋಡುವ ಕೆಲಸ. ಜಿಪಿಎಸ್ ಬಂದ ಮೇಲೂ, ಬಾನಂಚಿನಿಂದ ಸೂರ್ಯ, ನಕ್ಷತ್ರಗಳ ಎತ್ತರವನ್ನು ಕೋನದಲ್ಲಿ ಅಳೆಯುವ ಸೆಕ್ಸ್‌ಟಂಟ್ ಬಿಟ್ಟವರಲ್ಲ. ಜನವರಿ ಮೊದಲ ವಾರ ನಾನು ಹೋದಾಗ ಅದನ್ನು ಜಗಲಿಯಲ್ಲಿ ಇಟ್ಟುಕೊಂಡು ಒರೆಸುತ್ತಿದ್ದರು.

"ಮಳೆಗಾಲದಿಂದ ಮುಟ್ಟಿಲ್ಲ. ಕನ್ನಡಿ ಸರಿ ಉಂಟಾ ನೋಡ್ಬೇಕು. ಬಾ ಮಾರಾಯ್ತಿ, ನಿನ್ನ ಕಣ್ಣು ಒಳ್ಳೆದುಂಟಲ್ಲ?"

ಮೊದಲ ಪರೀಕ್ಷೆಗೆ ಸೂರ್ಯ, ಸಮುದ್ರ ಏನೂ ಬೇಡ. ಜರುಗುವ ತೋಳನ್ನು ಆರ್ಕಿನ (ಡಿಗ್ರಿ ಗುರುತಿರುವ ಬಿಲ್ಲಿನಾಕಾರದ ಪಟ್ಟಿಯ) ನಡುವಿಗೆ ತಂದು, ಸೆಕ್ಸ್‌ಟಂಟನ್ನು ಮಲಗಿಸಿ ಹಿಡಿದು, ತೋಳಿನ ಮೇಲಿರುವ ಇಂಡೆಕ್ಸ್ ಕನ್ನಡಿಯನ್ನು ಓರೆಯಾಗಿ ನೋಡಬೇಕು. ಒಳಗೆ ಕಾಣುವ ಆರ್ಕು, ಪಕ್ಕದಲ್ಲಿ ನೇರ ಕಾಣುವ ಆರ್ಕು, ಎರಡೂ ಒಂದೇ ಗೆರೆಯಾಗಬೇಕು. ನಮ್ಮ ಗೆರೆ ಕನ್ನಡಿಯ ಅಂಚಿನಲ್ಲಿ ಮೆಟ್ಟಿಲಿನ ಹಾಗೆ ಮುರಿದಿತ್ತು. ಅಂದರೆ ಕನ್ನಡಿ ನೆಟ್ಟಗೆ ನಿಂತಿಲ್ಲ. ಮಾವ ಹಿಂದಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು. ಮೆಟ್ಟಿಲು ಹೋಯಿತು.

ಇದು ಮೊದಲು, ದುರ್ಬೀನಿನ ಎದುರಿಗಿರುವ ಹೊರೈಜನ್ ಕನ್ನಡಿ ಆಮೇಲೆ. ಕ್ರಮ ತಪ್ಪಿದರೆ ಮಾಡಿದ್ದನ್ನೇ ಪುನಃ ಮಾಡಬೇಕು.

ಉಳಿದ ಪರೀಕ್ಷೆಯನ್ನು ಬಾನಂಚಿನ ಗೆರೆ ನೋಡಿ ಮಾಡೋಣ ಎಂದು ಸಂಜೆ ಬೇಕಲದ ಕಡಲ ಬದಿಗೆ ಹೋದೆವು. ಬಾನಂಚು ಮಬ್ಬಾಗಿತ್ತು, ಗೆರೆ ಸಿಗಲಿಲ್ಲ. ಜೊತೆಗೆ ಬಂದಿದ್ದ ಪಕ್ಕದ ಮನೆ ಹುಡುಗ, "ಆ ಕರೆಂಟ್ ಕಂಬ ನೋಡಿದ್ರೆ ಆಗುದಿಲ್ವಾ ಮಾಮ?" ಅಂದ. ಆಗುವುದಿಲ್ಲ. ದುರ್ಬೀನು ಮತ್ತು ಇಂಡೆಕ್ಸ್ ಕನ್ನಡಿ ಒಂದೇ ಜಾಗದಲ್ಲಿಲ್ಲ, ನಡುವೆ ಕೆಲವು ಸೆಂಟಿಮೀಟರ್ ಅಂತರ ಇದೆ. ಹತ್ತಿರದ ವಸ್ತುವಿಗೆ ಅಷ್ಟೇ ಸಾಕು, ಕೋನ ಕೆಟ್ಟುಹೋಗುತ್ತದೆ.

ಉಳಿದದ್ದು ಸೂರ್ಯ. ಎರಡೂ ಕನ್ನಡಿಗಳ ಮುಂದೆ ಕಪ್ಪು ಗಾಜು ಬಂದಿದೆಯೇ ಎಂದು ಮಾವ ತಾವೇ ನೋಡಿ, ಆಮೇಲೆ ನನ್ನ ಕೈಗೆ ಕೊಟ್ಟರು. ಸೊನ್ನೆಯ ಹತ್ತಿರ ಎರಡು ಸೂರ್ಯ, ಒಂದು ಹಸಿರು, ಒಂದು ಕೆಂಪು. ತೋಳನ್ನು ಸ್ವಲ್ಪಸ್ವಲ್ಪವೇ ಸರಿಸುವ ಡ್ರಮ್ ತಿರುಗಿಸಿದರೆ ಒಂದರ ಮೇಲೊಂದು ಬರುತ್ತದೆ. ಬದಿಗೆ ಇಣುಕಿದರೆ ಅದು ಸೈಡ್ ಎರರ್, ಹೊರೈಜನ್ ಕನ್ನಡಿ ನೆಟ್ಟಗಿಲ್ಲದ ತಪ್ಪು. ಅದು ಬಹುಮಟ್ಟಿಗೆ ಸರಿಯೇ ಇತ್ತು, ಮುಟ್ಟಲಿಲ್ಲ.

ಇಂಡೆಕ್ಸ್ ಎರರ್, ಅಂದರೆ ಸೊನ್ನೆ ಇರಬೇಕಾದಲ್ಲಿ ತೋರುವ ತಪ್ಪು, ಅದನ್ನು ಹುಡುಕುವ ಆಟ ಮಾತ್ರ ನನಗೆ ತುಂಬ ಇಷ್ಟವಾಯಿತು. ಕನ್ನಡಿಯ ಸೂರ್ಯನನ್ನು ಇಳಿಸಿ, ಅದರ ಮೇಲಂಚು ನಿಜ ಸೂರ್ಯನ ಕೆಳಂಚಿಗೆ ತಾಗಿಸಬೇಕು. ಬಂದದ್ದು 34.6 ಮಿನಿಟು (ಡಿಗ್ರಿಯ ಅರವತ್ತರಲ್ಲೊಂದು ಭಾಗ ಒಂದು ಮಿನಿಟು), ಆನ್ ದಿ ಆರ್ಕ್, ಅಂದರೆ ಸೊನ್ನೆಯ ಈಚೆ. ಆಮೇಲೆ ಅದನ್ನೇ ಮೇಲೆತ್ತಿ ಆಚೆ ಅಂಚಿಗೆ ತಾಗಿಸಬೇಕು. ಡ್ರಮ್ಮಿನ ಹಲ್ಲಿನ ಸಡಿಲ ಲೆಕ್ಕಕ್ಕೆ ಸೇರದಂತೆ ಎರಡೂ ಸಲ ಕೊನೆಯ ತಿರುವು ಒಂದೇ ದಿಕ್ಕಿಗಿರಬೇಕು. ಡ್ರಮ್ಮಿನಲ್ಲಿ 29.4. ಇದು ಸೊನ್ನೆಯ ಆಚೆ, ಆಫ್ ದಿ ಆರ್ಕ್, ಹಾಗಾಗಿ 60ರಿಂದ ಕಳೆಯಬೇಕು: 30.6.

ಎರಡನ್ನೂ ಕೂಡಿದರೆ 65.2. ಅದು ಸೂರ್ಯನ ಎರಡು ವ್ಯಾಸ, ಅಂದರೆ ನಾಲ್ಕು ಅರೆವ್ಯಾಸ. ನಾಲ್ಕರಿಂದ ಭಾಗಿಸಿದರೆ 16.3. ಮಾವ ನಾವಿಕರ ಪಂಚಾಂಗವಾದ ನಾಟಿಕಲ್ ಆಲ್ಮನಾಕ್ ತೆರೆದು ಬೆರಳಿಟ್ಟರು. ಆ ವಾರ ಸೂರ್ಯನ ಅರೆವ್ಯಾಸ 16.3. ಜನವರಿ ಶುರುವಿನಲ್ಲಿ ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರುವುದರಿಂದ ಅದು ಸ್ವಲ್ಪ ದೊಡ್ಡದು, ಜುಲೈಯಲ್ಲಿ 15.8ಕ್ಕೆ ಇಳಿಯುತ್ತದೆ. ನನ್ನ ಕಣ್ಣು ಸುಳ್ಳು ಹೇಳಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿತ್ತು. ಬಾನಂಚಿನ ಗೆರೆ ಈ ಸಾಕ್ಷಿ ಕೊಡುವುದಿಲ್ಲ, ಅಲ್ವಾ?

ಎರಡರ ವ್ಯತ್ಯಾಸ 4, ಅದರ ಅರ್ಧ 2. ಅಂದರೆ ಈ ಸೆಕ್ಸ್‌ಟಂಟ್ ಎಲ್ಲವನ್ನೂ 2 ಮಿನಿಟು ಜಾಸ್ತಿ ಓದುತ್ತದೆ, ಪ್ರತಿ ಸಲ ಅಷ್ಟು ಕಳೆಯಬೇಕು. ಮಿನಿಟಿಗೊಂದು ಮೈಲಿನಂತೆ, ಕಳೆಯದಿದ್ದರೆ ಲೆಕ್ಕ ಎರಡು ನಾಟಿಕಲ್ ಮೈಲು ತಪ್ಪುತ್ತದೆ, ನಾಲ್ಕು ಕಿಲೋಮೀಟರಿಗೆ ಹತ್ತಿರ.

"ಹಾಗಾದ್ರೆ ಸ್ಕ್ರೂ ತಿರುಗಿಸಿ ಸೊನ್ನೆ ಮಾಡಿ ಮಾವ."

"ಮೂರರ ಒಳಗೆ ಇದ್ರೆ ಸುಮ್ನೆ ಮುಟ್ಟುದು ಯಾಕೆ? ಮುಟ್ಟಿ ಮುಟ್ಟಿ ಸ್ಕ್ರೂ ಸಡಿಲ ಆಗ್ತದೆ. ಸೊನ್ನೆ ಮಾಡಿದ್ರೂ ನಾಳೆ ಪುನಃ ನೋಡ್ಲೇಬೇಕಲ್ಲ."

ಮರುದಿನ ಬೆಳಿಗ್ಗೆ ಅಂಗಳದಲ್ಲೇ ನೋಡಿದೆವು. ಈ ಪರೀಕ್ಷೆಗೆ ಸಮುದ್ರ ಬೇಡವಲ್ಲ. 2.2 ಬಂತು. ಆ 0.2 ಕನ್ನಡಿಯದ್ದೋ ನನ್ನ ಕಣ್ಣಿನದ್ದೋ ಎಂದು ಕೇಳಿದೆ. ಮಾವ ಅದಕ್ಕೆ ತಲೆ ಕೆಡಿಸಿಕೊಳ್ಳದೆ, ತಾರೀಖು ಹಾಕಿ 2.2 ಎಂದೇ ಬರೆದುಕೊಂಡರು.