ಐಮರದ ಮೇಲಿನ ಹಲಸಿನ ತುಂಡು

ಆಗಸ್ಟ್ 11, 2024, ಭಾನುವಾರ
ತಿತಿಮತಿ, ಕೊಡಗು

ಕಕ್ಕಡ ತಿಂಗಳ ಮಳೆ ಬೆಳಗಿನಿಂದ ಬಿಟ್ಟಿಲ್ಲ. ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಕೈಯಾಲೆಯಲ್ಲಿ (ಜಗಲಿಯಲ್ಲಿ) ಕಂಬಗಳ ನಡುವೆ ಕೂರಲು ಹಾಕಿರುವ ಐಮರದ ಹಲಗೆ ಸಡಿಲವಾಗಿತ್ತು. ಅದನ್ನು ಕೂರಿಸಲು ಬಂದಿದ್ದ, ಹತ್ತಿರದ ಆದಿವಾಸಿ ಹಾಡಿಯ ತರುಣ, ಕೆಲಸ ಮುಗಿದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿದ್ದ ಗೇಣುದ್ದದ ಕೆತ್ತನೆಯೊಂದನ್ನು ಚೀಲದಿಂದ ತೆಗೆದ. ಜೇನು ಕೀಳಲು ಮರ ಹತ್ತುತ್ತಿರುವ ಮನುಷ್ಯ. ಅವನ ಎದೆ ಕಾಂಡದೊಳಗೆ ಸೇರಿಹೋಗಿದೆ, ಕಾಲ್ಬೆರಳುಗಳು ಬೇರುಗಳಾಗಿ ಇಳಿದಿವೆ, ಮುಖವಿರಬೇಕಾದಲ್ಲಿ ಜೇನುಹುಟ್ಟಿನ ಕೋಶಗಳಿವೆ. ಉಳಿಯ ಗುರುತುಗಳನ್ನು ಉಜ್ಜಿ ಅಳಿಸದೆ ಬಿಟ್ಟಿರುವುದರಿಂದ ಬೆರಳಾಡಿಸಿದರೆ ತೊಗಟೆಯನ್ನೇ ಮುಟ್ಟಿದಂತಾಗುತ್ತದೆ.

"ಇದು ಹೋಗುವುದಿಲ್ಲ ಅಕ್ಕ, ಅಂಗಡಿಯವರು ಆನೆಯನ್ನೇ ಕೇಳುತ್ತಾರೆ" ಎಂದ. ಆ ಆನೆಗಳನ್ನು ಕೊಂಡವರಿಗೂ ಕೆತ್ತಿದವನ ಹೆಸರು ತಿಳಿಯುವುದಿಲ್ಲ.

ವ್ಯಾಂಕೂವರಿನಿಂದ ರಜೆಗೆ ಬಂದಿರುವ ಅಕ್ಕನ ಮಗ ಆಗ ತನ್ನ ಫೋನಿನಲ್ಲಿ ಅಲ್ಲಿಯ ವಿಮಾನ ನಿಲ್ದಾಣದಲ್ಲಿರುವ ಹಸಿರು ದೋಣಿಯನ್ನು ತೋರಿಸಿದ. ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳಾದ ಹೈಡಾ ಜನರ ಕಲಾವಿದ ಬಿಲ್ ರೀಡ್ ಮಾಡಿದ್ದು. ಹೈಡಾ ಕಥೆಗಳ ಕಾಗೆ, ಕರಡಿ, ತೋಳ, ಕಪ್ಪೆ ಎಲ್ಲವೂ ಒಂದೇ ದೋಣಿಯಲ್ಲಿ ಒತ್ತಿಕೊಂಡು ಕುಳಿತಿವೆ. 1996ರಲ್ಲಿ ಅಲ್ಲಿಗೆ ಬಂದ ಆ ಕಂಚಿನ ಕೃತಿಯ ರೂಪವೇ 2004ರಲ್ಲಿ ಕೆನಡಾದ 20 ಡಾಲರ್ ನೋಟಿನ ಮೇಲೂ ಅಚ್ಚಾಯಿತು. ವಸ್ತುಸಂಗ್ರಹಾಲಯದ ಮೆಟ್ಟಿಲು ಹತ್ತದವರೂ ತರಕಾರಿ ಕೊಳ್ಳುವಾಗ ಅದನ್ನು ಕೈಯಲ್ಲಿ ಹಿಡಿದರು ಎಂಬುದು ನನ್ನ ಮನಸ್ಸನ್ನು ಬಹಳ ಹೊತ್ತು ಬಿಡಲಿಲ್ಲ. ಅದೇ ದೇಶದ ಕಾನೂನು 1885ರಿಂದ 1951ರವರೆಗೆ ಆ ಕರಾವಳಿಯ ಮೂಲನಿವಾಸಿಗಳ ಪಾಟ್‌ಲ್ಯಾಚ್ ಎಂಬ, ಔತಣವಿಟ್ಟು ಉಡುಗೊರೆ ಹಂಚುವ ಸಾಂಪ್ರದಾಯಿಕ ಕೂಟಗಳನ್ನು ನಿಷೇಧಿಸಿತ್ತು. ಅವರ ಮುಖವಾಡಗಳನ್ನು ಕಸಿದು ದೂರದ ಸಂಗ್ರಹಾಲಯಗಳಿಗೆ ಸಾಗಿಸಲಾಗಿತ್ತು.

"ದೋಣಿಯನ್ನು ಮುಟ್ಟಬಹುದಾ?" ಎಂದು ತರುಣ ಕೇಳಿದ.

ಮುಟ್ಟುತ್ತಾರೆ, ಒರಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ ಎಂದು ಅಕ್ಕನ ಮಗ ಹೇಳಿದ. ಬಿಲ್ ರೀಡ್ 1970ರಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮರದ ತುಂಡಿನಲ್ಲಿ ಕೆತ್ತಿದ ಕಾಗೆಯ ಕಥೆ, ಚಿಪ್ಪಿನೊಳಗಿನಿಂದ ಮೊದಲ ಮನುಷ್ಯರು ಹೊರಬರುವ ಆ ಕಥೆ, 1980ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಆಳೆತ್ತರದ ಕೃತಿಯಾಯಿತು ಎಂದೂ ಹೇಳಿದ. ತರುಣ ತನ್ನ ತುಂಡನ್ನು ಮಗುಚಿ ತಳವನ್ನು ನೋಡಿದ. ಅಲ್ಲಿ ಏನೂ ಇರಲಿಲ್ಲ. ಹೆಸರು ಕೆತ್ತು ಎಂದೆ.

"ಅಪ್ಪನದೂ ಹಾಕಬೇಕು ಅಕ್ಕ. ಉಳಿ ಹಿಡಿಯಲು ಕಲಿಸಿದ್ದು ಅವನು."

ಎರಡೂ ಹೆಸರುಗಳನ್ನು ಕೆತ್ತಿ, ಆ ತುಂಡನ್ನು ಐಮರದ ಮೇಲೆಯೇ ಬಿಟ್ಟುಹೋಗಿದ್ದಾನೆ. ಒಬ್ಬರ ಕಪಾಟಿನೊಳಗೆ ಸೇರುವ ವಸ್ತು ಇದಲ್ಲ. ಹಾಡಿಯ ಮಕ್ಕಳೂ ತೋಟದ ಕೆಲಸಗಾರರೂ ಬಂದು ಕೂರುವ ಊರಿನ ಗ್ರಂಥಾಲಯದ ಮೇಜಿನ ಮೇಲೆ, ಪತ್ರಿಕೆಗಳ ಪಕ್ಕದಲ್ಲಿ, ಎರಡು ಹೆಸರುಗಳೂ ಜೇನುಮರದ ಕಥೆಯೂ ಇರುವ ಒಂದು ಹಾಳೆಯೊಂದಿಗೆ ಇದು ಇರಬೇಕು. ಅವನನ್ನು ಕೇಳಿ, ಅವನು ಒಪ್ಪಿದರೆ ನಾಳೆಯೇ ಹೋಗಿ ಮಾತನಾಡುತ್ತೇನೆ. ಗಾಜಿನ ಪೆಟ್ಟಿಗೆ ಬೇಡವೆಂದು ಮೊದಲೇ ಹೇಳಬೇಕು. ಆದರೆ ಆ ಕಟ್ಟಡದ ಗೋಡೆ ಈ ಮಳೆಗೆ ಬೆವರುತ್ತಿದೆ, ಹಲಸಿಗೆ ಬೂಷ್ಟು ಹಿಡಿಯದಂತೆ ಎಣ್ಣೆ ಸವರೋಣವೆಂದರೆ ಉಳಿಯ ಗುರುತಿನ ಆ ಒರಟು...